ಗಾಜಿನೊಳಗಿನ ಅವ್ವ

ತಸಿಲಾರ್ಸುಕ್,
ಆಗಸ್ಟ್ 2, 1994

ನನ್ನ ಪ್ರೀತಿಯ ಅವ್ವ ಬೆನಿಗ್ನೆಗೆ,

ಇಲ್ಲಿ ನಾನೂ ಉಳಿದ ಮೂರು ನಾಯಿಗಳೂ ಚೆನ್ನಾಗಿದ್ದೇವೆ. ಮಂಡಿನೋವು ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಅಲ್ಲಿ ನೂಕ್‌ನಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಬರೀ ನಂಬಿಕೆ, ಯಾಕೆಂದರೆ ನಿನ್ನ ಕೊನೆಯ ಪತ್ರ ಬಂದದ್ದು ಈಸ್ಟರ್ ಹೊತ್ತಿಗೆ, ಅದರಲ್ಲಿ ಊಟದ ಸುದ್ದಿಯೇ ಇರಲಿಲ್ಲ. ಹವಾಮಾನದ ಸುದ್ದಿ ಇತ್ತು. ನೂಕ್‌ನ ಹವಾಮಾನವನ್ನು ನಮಗೆ ರೇಡಿಯೋದವರೇ ಹೇಳುತ್ತಾರೆ, ಅದಕ್ಕೆ ನೀನು ಅಂಚೆ ಚೀಟಿ ದಂಡ ಮಾಡಬೇಕಾಗಿಲ್ಲ.

ಈ ಕಾಗದ ಕೊಳ್ಳಲು ಅಂಗಡಿಗೆ ಹೋದಾಗ ಡೆನ್ಮಾರ್ಕ್‌ನಿಂದ ಬಂದ ಹೊಸ ಡೇನ್ ಮೇಷ್ಟ್ರು ಅಲ್ಲಿ ಬ್ರೆಡ್ಡು ಆರಿಸುತ್ತಿದ್ದರು. ನಮ್ಮ ಭಾಷೆ ಕಲಿಯುತ್ತಿದ್ದಾರೆ ಪಾಪ, ಸಿಕ್ಕಿದವರನ್ನೆಲ್ಲ ಹಿಡಿದು ಮಾತಾಡಿಸುತ್ತಾರೆ. ಯಾರಿಗೆ ಪತ್ರ ಎಂದು ಕೇಳಿದರು. "ನಮ್ಮವ್ವಂಗೆ" ಅಂದೆ. "ಅಯ್ಯೋ, ನಿಮ್ಮ ತಾಯಿ ಇನ್ನೂ ಇದ್ದಾರಾ? ಎಷ್ಟು ವಯಸ್ಸು?" ಅಂದರು. "ಮೂವತ್ತೆಂಟು" ಅಂದೆ. ನನ್ನ ಬಾಯಿ ವಾಸನೆ ಬರುತ್ತಿದೆಯೋ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಅಂಗಡಿಯ ಲುದ್ವಿಗ್ ಅವರ ಕೈ ಹಿಡಿದ. "ಮೇಷ್ಟ್ರೇ, ಇವರವ್ವ ತೀರ್ಕೊಂಡ್ರು. ಆಮೇಲೆ ಮಗಳು ಹುಟ್ಟಿದಾಗ ಅವರ ಹೆಸರೇ ಇಟ್ರು. ಹೆಸರು ಬಂತು ಅಂದ್ಮೇಲೆ ಆಕೇನೂ ಬಂದಂಗೇ. ಅದಕ್ಕೇ ಮಗಳೇ ಅವ್ವ. ನಂಗೆ ನನ್ನ ಹೆಂಡ್ತಿ ಅಜ್ಜನ ಹೆಸರು, ಇವತ್ತಿಗೂ ಅವಳು ನನ್ನ ಮುಂದೆ ದನಿ ಎತ್ತಲ್ಲ" ಎಂದ. ಕೊನೆಯದು ಶುದ್ಧ ಸುಳ್ಳು, ಅವಳ ದನಿ ನನ್ನ ಮನೆಗೇ ಕೇಳಿಸುತ್ತದೆ. ಮೇಷ್ಟ್ರು ಅದನ್ನೆಲ್ಲ ಬರೆದುಕೊಂಡು ಹೋದರು.

ನಾನು ದಾರಿಯುದ್ದಕ್ಕೂ ನಗುತ್ತಾ ಬಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ನಿನಗೆ ನೆನಪಿದೆಯೋ ಇಲ್ಲವೋ, ಅಕ್ಷರ ಕಲಿತ ಹೊಸದರಲ್ಲಿ ನೀನು ಸಿಕ್ಕ ಸಿಕ್ಕ ಚೂರು ಕಾಗದದಲ್ಲಿ ನನಗೆ ಬರೆದು ದಿಂಬಿನ ಕೆಳಗೆ ಇಡುತ್ತಿದ್ದೆ. "ರೆಗಿನೆ, ಇವತ್ತು ನಾಯಿಗಳಿಗೆ ನಾನೇ ಊಟ ಹಾಕಿದೆ, ನೀನು ಮಲಗು. ನಿನ್ನ ಅವ್ವ." ಬೇಟೆಯಿಂದ ಬಂದ ನಿಮ್ಮಪ್ಪ ಎನೋಕ್ ನಿನ್ನನ್ನು ಅತ್ತೆ ಎಂದೇ ಕರೆಯುತ್ತಿದ್ದ, ಸೀಲ್‌ನ ಮೊದಲ ತುಂಡು ಅತ್ತೆಗೇ ಕೊಡುತ್ತಿದ್ದ. ನಾನು ಆರು ವರ್ಷದವಳಿದ್ದಾಗ ಅವ್ವನನ್ನು ಕಳೆದುಕೊಂಡವಳು. ಇಪ್ಪತ್ತೆಂಟಕ್ಕೆ ಅವಳು ನನ್ನ ಮಡಿಲಿಗೇ ಬಂದಳು. ನನ್ನಷ್ಟು ಸುಖವಾದ ಹೆಂಗಸು ಈ ತೀರದಲ್ಲಿ ಇರಲಿಲ್ಲ.

ಆಮೇಲೆ ನಮ್ಮನ್ನಾಳುವ ಡೇನರು ನಿನ್ನನ್ನು ಓದಿಗೆಂದು ಒಂದು ವರ್ಷ ಡೆನ್ಮಾರ್ಕ್‌ಗೆ ಕಳಿಸಿದರು. ಜಾಣ ಮಕ್ಕಳನ್ನು ಆರಿಸಿ ಕಳಿಸುತ್ತಿದ್ದರು, ಬೇಡ ಎನ್ನುವ ಧೈರ್ಯ ಯಾರಿಗಿತ್ತು? ವಾಪಸು ಬಂದ ಹಡಗಿನಿಂದ ಇಳಿದು ನೀನು ನನ್ನ ಕೈ ಕುಲುಕಿ ಡೇನರ ಭಾಷೆಯಲ್ಲಿ "ನಮಸ್ಕಾರ ಅಮ್ಮ" ಅಂದೆ. ಕಳಿಸಿದ್ದು ಅವ್ವನನ್ನು, ಬಂದದ್ದು ಮಗಳು. ಅವತ್ತಿನಿಂದ ನಿನ್ನ ಪತ್ರಗಳ ಕೊನೆಯಲ್ಲಿ "ನಿನ್ನ ಮಗಳು" ಎಂದೇ ಇರುತ್ತದೆ. ತಪ್ಪೇನೂ ಇಲ್ಲ, ಹೆತ್ತದ್ದು ನಾನೇ. ಆದರೂ ಪ್ರತಿ ಸಲ ಕೊನೆಯ ಸಾಲಿಗೆ ಬರುವಾಗ ಒಂದು ಕ್ಷಣ ಆಸೆಪಡುತ್ತೇನೆ.

ಇರಲಿ. ಇದನ್ನು ಹೇಳಲು ನಾನು ಕಾಗದ ಕೊಂಡಿಲ್ಲ.

ಜೂನ್‌ನಲ್ಲಿ ಯೂಡಿಥೆ ಮನೆಗೆ ಕಾಫಿಗೆ ಹೋಗಿದ್ದೆ, ಅವಳ ಮೊಮ್ಮಗನಿಗೆ ಹಲ್ಲು ಬಂದಿತ್ತು. ಏಳು ತರಹದ ಕೇಕು ಮಾಡಿದ್ದಳು, ಅದರಲ್ಲಿ ಎರಡು ತಿನ್ನುವ ಹಾಗಿದ್ದವು. ರೇಡಿಯೋ ಹಾಡುತ್ತಿತ್ತು, ನಡುವೆ ಸುದ್ದಿ ಬಂತು. ನಮ್ಮ ರಾಷ್ಟ್ರದ ಹಬ್ಬಕ್ಕೆ ರಾಜಧಾನಿ ನೂಕ್‌ನಲ್ಲಿ ಸ್ವಾತಂತ್ರ್ಯ ಸಮಿತಿಯವರು ದೊಡ್ಡ ಪ್ರದರ್ಶನ ಇಡುತ್ತಾರಂತೆ. ನಡುಮಧ್ಯೆ ಗಾಜಿನ ಪೆಟ್ಟಿಗೆ, ಅದರಲ್ಲಿ ಡೆನ್ಮಾರ್ಕ್‌ನಿಂದ ವಾಪಸು ತರಿಸಿದ ಒಬ್ಬ ಹೆಂಗಸಂತೆ. ನಮ್ಮ ತೀರದ ಕಂಗಾರ್ಸುಕ್ ಮೂಲೆಯ ಕಲ್ಲುಗೋರಿಯಿಂದ, ಯುದ್ಧ ಮುಗಿದ ಮೇಲೆ ಬಂದ ಡಾಕ್ಟರೊಬ್ಬ ಅಳತೆಗೆಂದು ಎತ್ತಿಕೊಂಡು ಹೋಗಿದ್ದವಳು. ಮೂವತ್ತರ ಒಳಗಿನ ಪ್ರಾಯ. ಎಡಗೈ ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಮೂಳೆಯ ಚೂರನ್ನು ವಯಸ್ಸು ಹೇಳುವ ಯಂತ್ರಕ್ಕೆ ಕೊಟ್ಟು ನೋಡಿದರೆ ನಾನೂರೈವತ್ತು ವರ್ಷ ಎಂದಿತಂತೆ. ಆಮೇಲೆ ಸಮಿತಿಯ ಅಧ್ಯಕ್ಷರ ದನಿ ಬಂತು. "ಡೇನರ ಮೊದಲ ಪಾದ್ರಿ ಬರೋಕಿಂತ ಮುಂಚಿನವಳು ಈ ತಾಯಿ. ಅವರ ಮುಖ ನೋಡ್ದೋಳಲ್ಲ, ಅವರ ಸಕ್ಕರೆ ನೆಕ್ಕಿದೋಳಲ್ಲ, ಅವರ ದೇವರಿಗೆ ಮಂಡಿ ಊರಿದೋಳಲ್ಲ. ಇವಳೇ ನಮ್ಮ ದೇಶದ ಅವ್ವ" ಎಂದರು. ಇದನ್ನೆಲ್ಲ ಸಂಶೋಧಿಸಿ ಸಿದ್ಧಮಾಡಿದವರು ಪುರಾತತ್ವದ ಬೆನಿಗ್ನೆ ಎಂದು ನಿನ್ನ ಹೆಸರನ್ನೂ ಹೇಳಿದರು.

ಯೂಡಿಥೆ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದಳು. "ರೆಗಿನೆ, ಕಂಗಾರ್ಸುಕ್ ಅಂದ್ರೆ..." ಎಂದು ಶುರುಮಾಡಿದಳು. "ಕಾಫಿ ತಣ್ಣಗಾಗುತ್ತೆ, ಹಾಕು" ಎಂದೆ. ಹಬ್ಬದ ದಿನ ಮಂಡಿ ಊದಿಕೊಂಡು ನಾನು ಮನೆಯಲ್ಲೇ ಇದ್ದೆ. ಎಲ್ಲರೂ ಕೆಳಗೆ ದಡದಲ್ಲಿ ಬಾವುಟ ಹಾರಿಸಿ ಹಾಡಿದರಂತೆ.

ಅವ್ವಾ, ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ನನ್ನನ್ನು ಹೆತ್ತ ನಮ್ಮಮ್ಮ ಕಂಗಾರ್ಸುಕ್‌ನಲ್ಲಿ ಮಲಗಿದ್ದಾಳೆ ಎಂದು ಮಾತ್ರ ನಿನಗೆ ಹೇಳಿದ್ದೆ. ಅವಳು ಅಲ್ಲಿ ಇಲ್ಲ ಎನ್ನುವುದನ್ನು ಹೇಳಿರಲಿಲ್ಲ. ಮಕ್ಕಳಿಗೆ ಹೇಳುವಂಥದ್ದಲ್ಲ ಎಂದುಕೊಂಡೆ, ಆಮೇಲೆ ನೀನು ದೊಡ್ಡವಳಾದೆ, ಹೇಳಲು ಹೊತ್ತು ಸಿಗಲಿಲ್ಲ.

ನಾವು ಪ್ರತಿ ವರ್ಷ ಚಳಿಗಾಲ ಕಳೆದು ಮಂಜುಗಡ್ಡೆ ಒಡೆದ ಮೇಲೆ ಸಣ್ಣ ಮೀನು ಹಿಡಿಯಲು ಆ ಮೂಲೆಗೆ ಹೋಗಿ ಡೇರೆ ಹಾಕುತ್ತಿದ್ದೆವು. ಆ ವರ್ಷ ಅವಳು ಇಡೀ ಚಳಿಗಾಲ ಕೆಮ್ಮಿದ್ದಳು. ಬರಬೇಡ, ಊರಲ್ಲೇ ಇರು ಎಂದರೆ ಕೇಳಲಿಲ್ಲ. ಡೇರೆಯಲ್ಲೇ ತೀರಿಹೋದಳು. ಅಲ್ಲಿ ಅಗೆಯಲು ಮಣ್ಣೆಲ್ಲಿದೆ? ಬರೀ ಬಂಡೆ. ಹಳೆಯ ಕಾಲದವರ ಗೋರಿಗಳ ಸಾಲಿನಲ್ಲಿ ಒಂದು ಕುಸಿದು ಖಾಲಿಯಾಗಿತ್ತು. ಅಪ್ಪ ಅದನ್ನು ಚೊಕ್ಕಟ ಮಾಡಿ, ಅವಳನ್ನು ಅವಳ ಒಳ್ಳೆಯ ಸೀಲ್ ತೊಗಲಿನ ಕಾಮಿಕ್ ಬೂಟು ತೊಡಿಸಿ ಅಲ್ಲಿ ಮಲಗಿಸಿದರು. ತೊಗಲು ಕುಯ್ಯುವ ಅವಳ ಅರ್ಧಚಂದ್ರದ ಕತ್ತಿ ಪಕ್ಕದಲ್ಲಿಟ್ಟರು. ಮಾರ್ಗರೀನ್ ಪೆಟ್ಟಿಗೆಯ ಹಲಗೆಯಿಂದ ಶಿಲುಬೆ ಮಾಡಿದರು, ಅದರ ಮೇಲೆ ಕಂಪನಿಯ ಅಕ್ಷರ ಇನ್ನೂ ಅರ್ಧ ಉಳಿದಿತ್ತು. ಅಪ್ಪ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವರು, ಪಕ್ಕಾ ಭಕ್ತರು. ಆದರೂ ಕೊನೆಗೆ ಆ ಕಡೆ ಈ ಕಡೆ ನೋಡಿ ಅಂಗಿಯೊಳಗಿನಿಂದ ಅವಳ ನೀಲಿ ಹೂವಿನ ಪಿಂಗಾಣಿ ಬಟ್ಟಲು ತೆಗೆದು ಅವಳ ತಲೆಯ ಹತ್ತಿರ ಇಟ್ಟರು. "ಪಾದ್ರಿಗಳಿಗೆ ಹೇಳ್ಬೇಡ ಮಗಾ. ದಾರೀಲಿ ಅವಳಿಗೆ ಕಾಫಿ ಬೇಕಾಗುತ್ತೆ" ಎಂದರು. ದೊಡ್ಡ ಕಲ್ಲುಗಳನ್ನು ಅವರು ಜೋಡಿಸಿದರು, ಸಂದಿಗೆ ಇಡುವ ಚಿಕ್ಕ ಕಲ್ಲುಗಳನ್ನು ನಾನು ಆರಿಸಿ ತಂದೆ.

ಎಡಗೈ ವಿಷಯ ನಿನಗೆ ಗೊತ್ತೇ ಇದೆ. ಆ ಕಥೆ ಕೇಳದೆ ನೀನು ಮಲಗುತ್ತಲೇ ಇರಲಿಲ್ಲ. ತೊಗಲಂಗಿಯ ಬೆನ್ನಿಗೆ ಜೋತ ದೊಡ್ಡ ಟೊಪ್ಪಿಗೆಯಲ್ಲಿ ನನ್ನನ್ನು ಕೂರಿಸಿಕೊಂಡು ಮಂಜುಗಡ್ಡೆಯ ಮೇಲೆ ಜಾರಿದಳು, ಮಗು ಕೆಳಗೆ ಸಿಕ್ಕಿ ಜಜ್ಜಿಹೋಗಬಾರದೆಂದು ಎಡಗೈ ಊರಿದಳು, ಕೈ ಮುರಿಯಿತು, ನಾನು ಅಳಲೂ ಇಲ್ಲ, ನಿದ್ದೆ ಮಾಡುತ್ತಿದ್ದೆ. ನೀನು ಆಗ ನಿನ್ನ ಎಡಗೈ ಸೊಟ್ಟಗೆ ಮಾಡಿಕೊಂಡು ಮನೆಯೆಲ್ಲ ಓಡಾಡುತ್ತಿದ್ದೆ. "ನಂದೇ ಅಲ್ವಾ ಈ ಕೈ? ಈಗಲೂ ನೋಯುತ್ತೆ ಕಣೇ ರೆಗಿನೆ" ಎನ್ನುತ್ತಿದ್ದೆ.

ಯುದ್ಧ ಮುಗಿದು ಕೆಲವು ವರ್ಷಕ್ಕೆ ಆ ಡಾಕ್ಟರನ ಹಡಗು ಬಂತು. ನಮ್ಮೂರಲ್ಲಿ ಎಲ್ಲರ ತಲೆಗೂ ಕಬ್ಬಿಣದ ಇಕ್ಕಳ ಹಿಡಿದು ಅಳೆದ, ಮಕ್ಕಳಿಗೆ ಮಿಠಾಯಿ ಕೊಟ್ಟ. ನಾನೂ ತಲೆ ಕೊಟ್ಟೆ, ಆಗಷ್ಟೇ ಮದುವೆಯಾಗಿತ್ತು. ಹಡಗು ಕಂಗಾರ್ಸುಕ್ ಹತ್ತಿರ ಲಂಗರು ಹಾಕಿತ್ತು ಎಂದು ಆಮೇಲೆ ತಿಳಿಯಿತು. ಎನೋಕ್ ಮತ್ತು ನಾನು ದೋಣಿಯಲ್ಲಿ ಹೋದೆವು. ಕಲ್ಲುಗಳು ಅತ್ತಿತ್ತ ಬಿದ್ದಿದ್ದವು. ಗೋರಿ ಖಾಲಿ. ಶಿಲುಬೆ ಒಂದು ಕಡೆ, ಬಟ್ಟಲು ಇನ್ನೊಂದು ಕಡೆ ಕರಿಹಣ್ಣಿನ ಗಿಡಗಳ ನಡುವೆ ಬಿದ್ದಿತ್ತು, ಹಿಡಿ ಮುರಿದಿತ್ತು. ಅವನಿಗೆ ಬೇಕಾಗಿದ್ದವರು ಹಳೆಯ ಕಾಲದವರು. ಬೂಟು, ಕತ್ತಿ, ಮೂಳೆ ಒಯ್ದ. ಶಿಲುಬೆ ಮತ್ತು ಕಾಫಿ ಬಟ್ಟಲು ಅವನ ಹಳೆಯ ಕಾಲಕ್ಕೆ ಹೊಂದಲಿಲ್ಲ, ಎಸೆದ. ನಾನು ಅತ್ತುಕೊಂಡು ಪಾದ್ರಿಗಳ ಹತ್ತಿರ ಹೋದರೆ "ತಿಳೀದೆ ಮಾಡಿದ್ದಾರಮ್ಮ, ದೊಡ್ಡ ಮನುಷ್ಯರು, ಈಗ ಏನು ಮಾಡೋಕಾಗುತ್ತೆ" ಎಂದರು. ನಾವು ಸುಮ್ಮನಾದೆವು. ಸುಮ್ಮನಾಗುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆ ಬಟ್ಟಲನ್ನು ತಂದು ಕಿಟಕಿಯಲ್ಲಿಟ್ಟೆ. ನೀನು ಅದರಲ್ಲಿ ಗುಂಡಿಗಳನ್ನು ಹಾಕಿಡುತ್ತಿದ್ದೆ. ಗೊತ್ತಾಯಿತಲ್ಲ ಯಾವುದೆಂದು?

ಈಗ ಯಂತ್ರದ ವಿಷಯ. ಹೋದ ವರ್ಷ ಕ್ರಿಸ್‌ಮಸ್‌ಗೆ ನೀನು ಬಂದಿದ್ದಾಗ ಸೀಲ್ ಸಾರು ಮಾಡಿದ್ದೆ. ಲುದ್ವಿಗ್ ಊಟಕ್ಕೆ ಬಂದಿದ್ದ. ನೀನು ಸೌಟು ಹಿಡಿದು ಪಾಠ ಹೇಳಿದೆ. ಆಳದ ಸಮುದ್ರದ ನೀರು ಹಳೆಯದು, ಅದರಲ್ಲಿ ಬೆಳೆದ ಮೀನು ತಿಂದು ಸೀಲ್ ಬೆಳೆಯುತ್ತದೆ, ಸೀಲ್ ತಿಂದು ನಾವು ಬೆಳೆಯುತ್ತೇವೆ, ಹಾಗಾಗಿ ಸಮುದ್ರ ತಿಂದು ಬದುಕಿದವರ ಮೂಳೆಯನ್ನು ಯಂತ್ರಕ್ಕೆ ಕೊಟ್ಟರೆ ಅದು ನಾನೂರು ವರ್ಷ ಜಾಸ್ತಿ ಹೇಳಿಬಿಡುತ್ತದೆ, ಅದನ್ನು ಕಳೆದು ಲೆಕ್ಕ ಹಿಡಿಯಬೇಕು ಎಂದೆ. ಲುದ್ವಿಗ್ ಚಮಚ ಕೆಳಗಿಟ್ಟು, "ಹಂಗಾದ್ರೆ ನಂಗೆ ನಾನೂರ ಅರವತ್ತು ವರ್ಷ. ಅಷ್ಟು ವರ್ಷದ ಪಿಂಚಣಿ ಬಾಕಿ ಯಾರು ಕೊಡ್ತಾರೆ? ಡೆನ್ಮಾರ್ಕ್ ರಾಣಿಗೆ ಬರೀತೀನಿ" ಎಂದ. ಸಾರು ನೆತ್ತಿಗೇರುವಷ್ಟು ನಕ್ಕೆವು. ಅವತ್ತು ನೀನು ರಾತ್ರಿ ನನ್ನ ಮಗ್ಗುಲಲ್ಲೇ ಮಲಗಿದ್ದೆ.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಆದರೂ ನಾನೂರೈವತ್ತರಲ್ಲಿ ನಾನೂರು ಕಳೆಯಲು ಬರುತ್ತದೆ. ಉಳಿದ ಲೆಕ್ಕ ನಿನಗೇ ಗೊತ್ತು. ನೀನು ಸುಳ್ಳು ಹೇಳಿದೆ ಎಂದು ನಾನು ಹೇಳುತ್ತಿಲ್ಲ. ಅಧ್ಯಕ್ಷರು ಅವಸರಪಟ್ಟು ಯಂತ್ರದ ಮಾತನ್ನು ಹಾಗೇ ಸಾರಿಬಿಟ್ಟಿರಬೇಕು, ಊರೆಲ್ಲ ಕೇಳಿಸಿಕೊಂಡ ಮೇಲೆ ನೀನು ಬಾಯಿ ಬಿಡಲಾರದೆ ಉಳಿದಿರಬೇಕು. ದೊಡ್ಡವರನ್ನು ಎದುರು ಹಾಕಿಕೊಳ್ಳುವುದು ಕಷ್ಟ. ಕೂದಲು ಅಷ್ಟು ಚಿಕ್ಕದಾಗಿ ಕತ್ತರಿಸಿಕೊಂಡರೆ ಧೈರ್ಯ ಬರುತ್ತದೆ ಎಂದುಕೊಂಡೆಯಾ? ನಿನಗೆ ಜಡೆಯೇ ಚೆಂದ.

ನನ್ನನ್ನು ತಪ್ಪು ತಿಳಿಯಬೇಡ. ನನಗೂ ಸ್ವಾತಂತ್ರ್ಯ ಬೇಕು. ಸ್ವಂತ ಸರ್ಕಾರಕ್ಕೆ ಮತ ಹಾಕಿದ ದಿನ ನಿಮ್ಮಪ್ಪನಿಗೆ ಜ್ವರವಿತ್ತು, ನಾನು ಅವನನ್ನು ಸ್ಲೆಡ್ಜ್ ಮೇಲೆ ಕೂರಿಸಿಕೊಂಡು ಹೋಗಿ ಮತ ಹಾಕಿಸಿದೆ. ನನ್ನ ಮಗಳನ್ನು ಎತ್ತಿಕೊಂಡು ಹೋಗಿ ಬೇರೆಯವಳನ್ನಾಗಿ ಮಾಡಿ ಕಳಿಸಿದರು, ನನ್ನ ಅವ್ವನನ್ನು ಗೋರಿಯಿಂದ ತೆಗೆದು ಪೆಟ್ಟಿಗೆಗೆ ಹಾಕಿದರು, ನನಗಿಂತ ಹೆಚ್ಚು ಕಾರಣ ಯಾರಿಗಿದೆ? ಆದರೆ ಅಧ್ಯಕ್ಷರ ಆ ಮಾತನ್ನು ನಾನು ಒಪ್ಪಲಾರೆ. ನಮ್ಮಮ್ಮ ಡೇನರ ಸಕ್ಕರೆ ನೆಕ್ಕಿದವಳೇ. ಕಾಫಿಗೆ ಮೂರು ತುಂಡು ಹಾಕಿಕೊಳ್ಳುತ್ತಿದ್ದಳು, ಅಪ್ಪ ಬೈಯುತ್ತಿದ್ದರು. ಭಾನುವಾರ ಮಂಡಿಯೂರಿ ಹಾಡುತ್ತಿದ್ದಳು. ಹಾಗಾದರೆ ಅವಳು ಯಾರ ಅವ್ವನೂ ಅಲ್ಲವೇ? ಈ ದೇಶದಲ್ಲಿ ಈಗ ಬದುಕಿರುವವರೆಲ್ಲ ಕಾಫಿ ಕುಡಿಯುವ ಅವ್ವಂದಿರ ಹೊಟ್ಟೆಯಲ್ಲಿ ಹುಟ್ಟಿದವರು. ಆ ಡಾಕ್ಟರ್ ಬಟ್ಟಲು ಎಸೆದ. ಈಗ ನಮ್ಮವರೇ ಅದನ್ನು ಎರಡನೆಯ ಸಲ ಎಸೆದಿದ್ದಾರೆ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಇಲ್ಲಿ ನೋಡುವವರು ಯಾರೂ ಇಲ್ಲ.

ನಾನು ಕೇಳುವುದು ಇಷ್ಟೇ. ಅವಳನ್ನು ಕರೆದುಕೊಂಡು ಬಾ. ಸಮುದ್ರ ಹೆಪ್ಪುಗಟ್ಟುವ ಮುಂಚೆ. ಕಂಗಾರ್ಸುಕ್‌ನ ಕಲ್ಲುಗಳು ಅಲ್ಲೇ ಇವೆ, ನಾನು ಪ್ರತಿ ವರ್ಷ ಹೋಗಿ ನೋಡಿ ಬರುತ್ತೇನೆ. ದೊಡ್ಡ ಕಲ್ಲು ಎತ್ತಲು ಲುದ್ವಿಗ್ ಬರುತ್ತಾನೆ, ಚಿಕ್ಕ ಕಲ್ಲು ಆರಿಸುವುದು ನನಗೆ ಅಭ್ಯಾಸವಿದೆ. ನೀನು ದೋಣಿಯಲ್ಲೇ ಕೂತಿರು. ಹೆಸರು ಹೊತ್ತವಳು ತನ್ನನ್ನು ತಾನೇ ಮಣ್ಣು ಮಾಡುವುದು ನನಗೆ ಸರಿಕಾಣುವುದಿಲ್ಲ.

ಬಟ್ಟಲನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಅಧ್ಯಕ್ಷರಿಗೆ ತೋರಿಸಲು ನಿನಗೊಂದು ಸಾಕ್ಷಿ ಬೇಕಲ್ಲ. ಕಾಲುಚೀಲದೊಳಗೆ ಇಟ್ಟು ಸುತ್ತಲೂ ಒಣಮೀನು ತುಂಬಿದ್ದೇನೆ. ಮೀನು ನಿನಗೆ. ಕಿಟಕಿಯಲ್ಲಿ ಅದು ಕೂತಿದ್ದ ಜಾಗದಲ್ಲಿ ಬಣ್ಣ ಮಾಸದೆ ದುಂಡಗೆ ಉಳಿದಿದೆ, ಅದರ ಮೇಲೆ ಏನಾದರೂ ಇಡಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ರೆಗಿನೆ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಕೂದಲಿನ ವಿಷಯ ರೇಡಿಯೋದಲ್ಲಿ ಹೇಳಲಿಲ್ಲ. ನೀನು ಜಾಣೆ, ಓದುವಾಗಲೇ ಹಿಡಿದಿರುತ್ತೀಯ. ಹಬ್ಬದ ದಿನ ನಾನು ಮನೆಯಲ್ಲಿರಲಿಲ್ಲ. ಯೂಡಿಥೆಗೆ ನಾಯಿಗಳನ್ನು ಒಪ್ಪಿಸಿ ಹಡಗು ಹತ್ತಿ ನೂಕ್‌ಗೆ ಬಂದಿದ್ದೆ. ಸಾಲಿನಲ್ಲಿ ನಿಂತೆ. ಎಷ್ಟು ಜನ! ಎಲ್ಲರೂ ಹಬ್ಬದ ಬಟ್ಟೆಯಲ್ಲಿ, ಮಕ್ಕಳ ಕೈಯಲ್ಲಿ ಬಾವುಟ. ನೀನು ವೇದಿಕೆ ಮೇಲೆ ಅಧ್ಯಕ್ಷರ ಪಕ್ಕದಲ್ಲಿದ್ದೆ, ನಾನು ಪೋಣಿಸಿದ ಮಣಿಯ ಕೊರಳಪಟ್ಟಿ ಹಾಕಿಕೊಂಡಿದ್ದೆ. ಬಾಯಿ ನಗುತ್ತಿತ್ತು, ಬಲಗೈಯಲ್ಲಿ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಆ ಮುಖ ನೋಡಿ ಹತ್ತಿರ ಬರಲು ಮನಸ್ಸಾಗಲಿಲ್ಲ. ಗಾಜಿನ ಹತ್ತಿರ ನನ್ನ ಸರದಿ ಬಂದಾಗ ಅಂಗೈ ಊರಿ ನಿಂತುಬಿಟ್ಟೆ. ಎಷ್ಟು ಚಿಕ್ಕವಳು ಅವ್ವಾ ಅವಳು, ನನ್ನ ಮಗಳಾಗುವ ವಯಸ್ಸಿನವಳು. ನಾನು ಅಳುವುದನ್ನು ಕಂಡು ಹಿಂದಿದ್ದ ಹೆಂಗಸು "ಯಾಕಜ್ಜಿ ಅಳ್ತೀರಾ?" ಎಂದಳು. "ನಮ್ಮವ್ವ ಕಣಮ್ಮ" ಎಂದೆ. ಅವಳು ನನ್ನನ್ನು ತಬ್ಬಿಕೊಂಡು "ಹೂಂ ಅಜ್ಜಿ, ನಮ್ಮೆಲ್ಲರ ಅವ್ವ" ಎಂದು ತಾನೂ ಅತ್ತಳು. ಒಳ್ಳೆಯ ಹುಡುಗಿ. ಅವಳಿಗೆ ಏನೆಂದು ಹೇಳಲಿ? ಅದೇ ಹಡಗಿನಲ್ಲಿ ವಾಪಸು ಬಂದೆ. ಮತ್ತೊಂದು, ಬೂಟುಗಳನ್ನು ಎಡ ಬಲ ಅದಲುಬದಲು ಮಾಡಿ ಇಟ್ಟಿದ್ದೀರಿ. ಅವಳು ಬರುವವರೆಗಾದರೂ ಸರಿಮಾಡಿ ಇಡು.

* * *

ನೂಕ್,
ಆಗಸ್ಟ್ 29, 1994

ಪ್ರೀತಿಯ ರೆಗಿನೆಗೆ,

ಬಟ್ಟಲು ಒಡೆಯದೆ ಬಂತು. ಮೀನು ಆಗಲೇ ಮುಗಿಯಿತು, ಹಾಗಾಗಿ ನಾನು ಉಣ್ಣುತ್ತಿದ್ದೇನೆ ಎಂದು ತಿಳಿದುಕೋ. ಬೂಟು ಅವತ್ತೇ ಸರಿಮಾಡಿದೆ.

ಅಧ್ಯಕ್ಷರ ಮೇಜಿನ ಮೇಲೆ ಬಟ್ಟಲನ್ನೂ ನನ್ನ ಲೆಕ್ಕವನ್ನೂ ಇಟ್ಟೆ. ಬಟ್ಟಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಡೇನರು ಬಿದ್ದು ಬಿದ್ದು ನಗ್ತಾರಲ್ಲಮ್ಮಾ" ಎಂದರು. ನಗಲಿ ಸಾರ್, ಎಂದೆ. "ಇನ್ನೆರಡು ವರ್ಷ ತಡೀಬಾರ್ದಾ? ಇಷ್ಟು ಕಾಲ ಇದ್ದೋಳು" ಎಂದು ಬೇಡಿಕೊಂಡರು. ಕೆಟ್ಟವರಲ್ಲ ಅವರು, ಅವರ ಕಣ್ಣಲ್ಲೂ ನೀರಿತ್ತು. ತಡೆಯಲಾಗುವುದಿಲ್ಲ, ಅವಳ ಮಗಳಿಗೆ ಅರವತ್ತಾರು ವರ್ಷ ಎಂದೆ. ಆಮೇಲೆ ನನ್ನನ್ನು ಪ್ರದರ್ಶನದ ಕೆಲಸದಿಂದ ಬಿಡಿಸಿದರು. ಮುಂದೆ ಏನು ಎಂದು ಗೊತ್ತಿಲ್ಲ, ಯೋಚಿಸುವ ಗೋಜಿಗೂ ಹೋಗಿಲ್ಲ.

ಬೀಗದ ಕೈ ಒಪ್ಪಿಸುವ ಹಿಂದಿನ ದಿನ ಬಟ್ಟಲನ್ನು ಅವಳ ತಲೆಯ ಹತ್ತಿರ ಇಟ್ಟೆ. ಗೋಡೆಯ ದೊಡ್ಡ ಫಲಕ ತೆಗೆದು ಚಿಕ್ಕ ಚೀಟಿ ಅಂಟಿಸಿದೆ: ಬೆನಿಗ್ನೆ, 1934ರಲ್ಲಿ ತೀರಿಕೊಂಡಳು, ಮೀನು ಹಿಡಿಯುತ್ತಿದ್ದಳು, ಕಾಫಿಗೆ ಮೂರು ತುಂಡು ಸಕ್ಕರೆ. ಅವತ್ತು ಬಂದವರಲ್ಲಿ ಕೆಲವರು ಓದಿ ಮುಖ ಗಂಟಿಕ್ಕಿಕೊಂಡು ಹೋದರು. ಒಬ್ಬಾಕೆ ಮಾತ್ರ ಗಾಜಿಗೆ ಮೂಗು ತಾಗಿಸಿ ನಿಂತಳು. "ನಮ್ಮಜ್ಜಿ ಹತ್ರಾನೂ ಇಂಥದ್ದೇ ಬಟ್ಲಿತ್ತು" ಎಂದಳು. ನಾನು ದೀಪ ಆರಿಸುವವರೆಗೂ ಅವಳು ಹೋಗಲಿಲ್ಲ.

ಮಗಳು ನೀನಿದ್ದೀಯೆಂದು ತೋರಿಸಿದ ಮೇಲೆ ಅವಳನ್ನು ಕೊಂಡೊಯ್ಯಲು ಅನುಮತಿ ಸಿಕ್ಕಿದೆ. ಸೆಪ್ಟೆಂಬರ್‌ನ ಎರಡನೆಯ ಹಡಗಿಗೆ ಬರುತ್ತೇವೆ. ನಾನು ದೋಣಿಯಲ್ಲಿ ಕೂತಿರುವುದಿಲ್ಲ, ನಿನ್ನ ಮಂಡಿ ಇಟ್ಟುಕೊಂಡು ನೀನು ಕಲ್ಲು ಆರಿಸುವುದೂ ಬೇಡ, ನಾನು ತಂದುಕೊಡುತ್ತೇನೆ. ಇಷ್ಟು ದೂರ ಬಂದು, ಸಾಲಿನಲ್ಲಿ ನಿಂತು, ನನ್ನನ್ನು ನೋಡಿ, ಕರೆಯದೆ ಹೋದೆಯಲ್ಲ. ಇನ್ನು ಮೇಲೆ ಹಾಗೆ ಮಾಡಬೇಡ. ಚಳಿಯಿದೆ, ಒಲೆ ಉರಿಸಿಕೋ.

ನಿನ್ನ ಅವ್ವ,
ಬೆನಿಗ್ನೆ

ಮರೆತ ಮಾತು: ಅಧ್ಯಕ್ಷರಿಗೆ ಹೆದರಿ ಸುಮ್ಮನಿದ್ದೆ ಎಂದು ನನ್ನ ಪರವಾಗಿ ನೀನೇ ಕಾರಣ ಹುಡುಕಿಕೊಟ್ಟಿದ್ದೀಯ. ಅದು ಅರ್ಧ ಮಾತ್ರ ನಿಜ. ಪೆಟ್ಟಿಗೆ ಬಿಚ್ಚಿದ ದಿನವೇ ಅವಳ ಎಡಗೈ ಪಕ್ಕ ನನ್ನ ಎಡಗೈ ಇಟ್ಟು ನೋಡಿದ್ದೆ. ಬಾಯಿ ಬಿಟ್ಟರೆ ನೀನು ಅವಳನ್ನು ಕರೆಸಿಕೊಳ್ಳುತ್ತೀಯೆಂದು ಗೊತ್ತಿತ್ತು. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಗಾಜಿನ ಪಕ್ಕ ಕುರ್ಚಿ ಹಾಕಿಕೊಂಡು ಅವಳಿಗೆ ಊರ ಸುದ್ದಿ, ನಿನ್ನ ಸುದ್ದಿ, ನಾಯಿಗಳ ಸುದ್ದಿ ಹೇಳುತ್ತಿದ್ದೆ. ನನ್ನ ಜೊತೆ ಕೂರಲು ಈ ಪಟ್ಟಣದಲ್ಲಿ ಬೇರೆ ಯಾರೂ ಇರಲಿಲ್ಲ.